ನಡುವೆ ನಿಂತ ಮಗ

ಅಹಮದಾಬಾದಿನ ಪಶ್ಚಿಮಕ್ಕೆ, ಇಸ್ರೋದ ಕೇಂದ್ರವೊಂದರ ನೆರೆಯಲ್ಲಿ ಬೆಳೆದ ಸ್ಯಾಟಲೈಟ್ ಬಡಾವಣೆಯಲ್ಲಿ, ಧಾರವಾಡದಿಂದ ಹೋಗಿ ನೆಲಸಿದ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಅತ್ತೆಯು ಸೊಸೆಗೆ ಹೇಳಬೇಕಾದುದನ್ನು ಮಗನಿಗೆ ಹೇಳುವಳು. ಸೊಸೆಯು ಅತ್ತೆಗೆ ಕೊಡಬೇಕಾದ ಉತ್ತರವನ್ನು ಗಂಡನಿಗೆ ಕೊಡುವಳು. ಇಬ್ಬರ ನಡುವೆ ಸಿಕ್ಕಿದ ಆತನು ಕಚೇರಿಯಿಂದ ತಡವಾಗಿ ಬರುವುದನ್ನೇ ಉಪಾಯವಾಗಿಸಿಕೊಂಡಿರಲಾಗಿ, ಆ ತಡವೇ ಇಬ್ಬರಿಗೂ ಹೊಸದೊಂದು ದೂರಾಗಿ ಪರಿಣಮಿಸುವುದು. ತಪ್ಪು ಯಾರದು? ಕೌಟುಂಬಿಕ ಚಿಕಿತ್ಸೆ ಈ ಪ್ರಶ್ನೆಯನ್ನೇ ಬದಿಗಿರಿಸುತ್ತದೆ.

ಇಬ್ಬರ ಬಿಗುವು ಮೂರನೆಯವರನ್ನು ಒಳಗೆಳೆದುಕೊಳ್ಳುವ ಈ ತ್ರಿಕೋನವನ್ನು ವಿವರಿಸಿದವನು ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್. 1950ರ ದಶಕದಲ್ಲಿ ಆತ ರೋಗಿಗಳೊಡನೆ ಅವರ ಮನೆಯವರನ್ನೂ ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು ಅಭ್ಯಸಿಸಿದನು. ಅದೇ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯ ಅಂಗಳದಲ್ಲಿ ಗುಡಾರ ಹಾಕಿಸಿ, ಬಂಧುಗಳನ್ನೂ ಶುಶ್ರೂಷೆಯಲ್ಲಿ ತೊಡಗಿಸಿದವರು ಡಾ. ವಿದ್ಯಾಸಾಗರ್. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕುಟುಂಬ ಮನೋವೈದ್ಯಕೀಯ ಕೇಂದ್ರವಿದೆ. ಅಹಮದಾಬಾದಿಗೂ ಮನಸ್ಸಿನ ಶುಶ್ರೂಷೆ ಅಪರಿಚಿತವಲ್ಲ: ಅಲ್ಲಿಯ ಬಿ.ಎಂ. ಮಾನಸಿಕ ಆರೋಗ್ಯ ಸಂಸ್ಥೆ 1951ರಷ್ಟು ಹಿಂದೆಯೇ ಆರಂಭವಾಯಿತು. ಮನುಷ್ಯನ ಜೀವನಚಕ್ರವನ್ನು ಕುರಿತ ಗೋಷ್ಠಿಗಾಗಿ 1962ರಲ್ಲಿ ಮನೋವಿಶ್ಲೇಷಕ ಎರಿಕ್ ಎರಿಕ್ಸನ್ ಆ ನಗರಕ್ಕೆ ಬಂದಿದ್ದನು.

ಚಿಕಿತ್ಸಕನು ಮೊದಲು ಮೂರು ತಲೆಮಾರಿನ ವಂಶವೃಕ್ಷವನ್ನು ಬರೆಯಿಸಬಹುದು. ಈ ಅತ್ತೆಯೂ ಸೊಸೆಯಾಗಿದ್ದಾಗ ತನ್ನ ಅತ್ತೆಯೊಡನೆ ಗಂಡನ ಮೂಲಕವೇ ಮಾತಾಡುತ್ತಿದ್ದುದು ಆಗ ಹೊರಬೀಳಬಹುದು. ಬಳಿಕ ಜಗಳವಾಡುವವರನ್ನು ಬಿಟ್ಟು ಮೊಮ್ಮಗಳನ್ನು ಕೇಳುತ್ತಾನೆ: “ಅಜ್ಜಿ ಸುಮ್ಮನಾದರೆ ಅಪ್ಪ ಏನು ಮಾಡುತ್ತಾರೆ?” ಎಲ್ಲರೂ ತಂತಮ್ಮ ಹೆಜ್ಜೆಯನ್ನು ಕಾಣತೊಡಗುವುದು ಇಂಥ ಉತ್ತರಗಳಲ್ಲಿ. ಆಮೇಲೆ ಮಗನಿಗೊಂದು ಕೆಲಸ: ತಾಯಿ ದೂರು ತೆಗೆದೊಡನೆ, “ಅವ್ವಾ, ಇದನ್ನ ನೀನs ಆಕಿಗೆ ಹೇಳು” ಎಂದು ಮೆಲ್ಲನೆ ಹಿಂದೆ ಸರಿಯಬೇಕು. ಮೊದಮೊದಲು ಕಲಹ ಹೆಚ್ಚೀತು. ದೂತನಿಲ್ಲದೆ ಮಾತಾಡುವ ರೂಢಿ ಇಬ್ಬರಿಗೂ ಇಲ್ಲವಷ್ಟೆ. ಹೀಗಾಗುವುದೆಂದು ಮುಂಚಿತವಾಗಿಯೇ ಹೇಳಿರದ ಚಿಕಿತ್ಸಕನು ಅರ್ಧ ಕೆಲಸವನ್ನು ಮಾತ್ರ ಮಾಡಿದನೆಂದೇ ನನ್ನ ಮತ. ಹೊಡೆತ ಬಡಿತಗಳಿರುವ ಮನೆಯ ಮಾತು ಬೇರೆ: ಅಲ್ಲಿ ಹೊಡೆಯುವವನೂ ಹೊಡೆಸಿಕೊಳ್ಳುವವಳೂ ಒಂದೇ ಕೋಣೆಯಲ್ಲಿ ಕೂಡುವುದು ಅಪಾಯ, ಮೊದಲು ಆಕೆಯ ರಕ್ಷಣೆಯಾಗಬೇಕು.

ಇಂಥ ಬದಲಾವಣೆ ಬೇರೂರಲು ಭೇಟಿಗಳ ನಡುವೆ ಸಮಯವೂ ಬೇಕು. ಇಟಲಿಯ ಮಿಲಾನ್ ನಗರದ ಚಿಕಿತ್ಸಕರ ತಂಡವೊಂದು, ದೂರದೂರುಗಳಿಂದ ರೈಲಿನಲ್ಲಿ ಬರುವ ಕುಟುಂಬಗಳ ಅನುಕೂಲಕ್ಕೆಂದು ಭೇಟಿಗಳನ್ನು ತಿಂಗಳಿಗೊಮ್ಮೆ ಇಟ್ಟಿತು. ಆ ಅಂತರವೇ ಹೆಚ್ಚು ಫಲಕಾರಿಯೆಂದು ಕಂಡುಬಂದುದರಿಂದ, ಹತ್ತಿರದವರಿಗೂ ಅದೇ ಕ್ರಮವನ್ನು ಉಳಿಸಿಕೊಂಡಿತು.