ಎರಡು ಮಳೆಗಳ ನಡುವೆ ಎಷ್ಟು ದಿನ?

ಬೆಂಗಳೂರಿನ ವಿಜಯನಗರದಲ್ಲಿ ‘ಸೌರಭ’ ಎಂಬ ಮನೆಯಿದೆ. 1990ರ ದಶಕದ ಮಧ್ಯದಲ್ಲಿ ಕಟ್ಟಿದ ಈ ಮನೆಗೆ ಕಾವೇರಿ ನೀರಿನ ನಲ್ಲಿಯನ್ನೇ ಹಾಕಿಸಲಿಲ್ಲ. ಮನೆಯೊಡೆಯ ಎ. ಆರ್. ಶಿವಕುಮಾರ್ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದವರು. ಕುಡಿಯುವುದಕ್ಕೂ ಅಡುಗೆಗೂ ಸ್ನಾನಕ್ಕೂ ಅವರಿಗೆ ಮಳೆನೀರೇ ಆಧಾರ.

ಬೆಂಗಳೂರಲ್ಲಿ ಅಷ್ಟು ಮಳೆ ಎಲ್ಲಿದೆ ಅನ್ನುವವರಿಗೆ ಉತ್ತರ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 900 ಮಿಲಿಮೀಟರ್ ಅಂತಿಟ್ಟುಕೊಂಡರೂ ನೂರು ಚದರ ಮೀಟರಿನ ತಾರಸಿಯ ಮೇಲೆ 90,000 ಲೀಟರ್ ಸುರಿಯುತ್ತದೆ. ಆರಿದ್ದು, ಚೆಲ್ಲಿದ್ದು ಕಳೆದು 75,000 ಲೀಟರ್ ಕೈಗೆ ಸಿಕ್ಕೀತು.

ತೊಡಕಿರುವುದು ಮಳೆಯ ಮೊತ್ತದಲ್ಲಲ್ಲ, ಅದು ಬರುವ ಹೊತ್ತಿನಲ್ಲಿ. ಸೆಪ್ಟೆಂಬರಿನಲ್ಲಿ ರಸ್ತೆಯೆಲ್ಲ ಹೊಳೆ. ಜನವರಿ, ಫೆಬ್ರವರಿಯಲ್ಲಿ ಹನಿಯಿಲ್ಲ. ಹಳೆಯ ಮಳೆ ದಾಖಲೆಗಳನ್ನು ಮುಂದಿಟ್ಟುಕೊಂಡು ಶಿವಕುಮಾರ್ ಹುಡುಕಿದ್ದು ಒಂದೇ ಲೆಕ್ಕ: ಎರಡು ಒಳ್ಳೆಯ ಮಳೆಗಳ ನಡುವೆ ಹೆಚ್ಚೆಂದರೆ ಎಷ್ಟು ದಿನ? ಸುಮಾರು ನೂರು. ನಾಲ್ವರ ಸಂಸಾರಕ್ಕೆ ದಿನಕ್ಕೆ 400 ಲೀಟರ್ ಬೇಕು, ಅಂದರೆ 40,000 ಲೀಟರ್ ಕೂಡಿಟ್ಟರೆ ಸಾಕು. ಮನೆಯ ತೊಟ್ಟಿಗಳು ಅದಕ್ಕಿಂತ ತುಸು ದೊಡ್ಡವು, ಅಷ್ಟೇ. ಇಡೀ ವರ್ಷದ ಮಳೆ ಹಿಡಿಯಲು ಹೊರಟಿದ್ದರೆ ಮನೆಯ ಕೆಳಗೆ ಕೆರೆಯನ್ನೇ ಕಟ್ಟಬೇಕಿತ್ತು.

ದಿನದ ಖರ್ಚು ಇಳಿದಷ್ಟೂ ತೊಟ್ಟಿಯೂ ಚಿಕ್ಕದಾಗುತ್ತದೆ. ಬಳಸಿದ ನೀರಿಗೆ ಬೆಲೆ ಬರುವುದು ಇಲ್ಲೇ. ಸೌರಭದಲ್ಲಿ ವಾಷಿಂಗ್ ಮಷೀನಿನ ನೀರು ಶೌಚಾಲಯದ ಫ್ಲಶ್‌ಗೆ ಹೋಗುತ್ತದೆ. ಆರ್‌ಒ ಯಂತ್ರ ಹೊರಚೆಲ್ಲುವ ನೀರಿನಲ್ಲಿ ಲವಣ ಹೆಚ್ಚು, ಕುಂಡದ ಗಿಡಕ್ಕೆ ಬೇಡ. ನೆಲ ಒರೆಸಲು ಧಾರಾಳ ಆದೀತು. ಬಚ್ಚಲ ನೀರಿಗೆ ನಮ್ಮ ಹಿರಿಯರು ಹಿತ್ತಿಲಲ್ಲಿ ಬಾಳೆ, ಕೆಸು ನೆಟ್ಟು ದಾರಿ ಮಾಡಿದ್ದರು. ಇವತ್ತಿನ ಮನೆಯಲ್ಲಿ ಜಲ್ಲಿ ತುಂಬಿ ಕಾಬಾಳೆ ನೆಟ್ಟ ಪಾತಿ ಅದೇ ಕೆಲಸ ಮಾಡುತ್ತದೆ. ಆದರೆ ಬಚ್ಚಲ ನೀರನ್ನು ಹಾಗೇ ಕೂಡಿಡಬಾರದು, ಒಂದೆರಡು ದಿನದಲ್ಲಿ ನಾರುತ್ತದೆ. ಜಿಡ್ಡು ತುಂಬಿದ ಪಾತ್ರೆ ತೊಳೆದ ನೀರನ್ನು ಬೇರೆಯೇ ಬಿಡುವುದು ಒಳ್ಳೆಯದು.

ತಾರಸಿಯಲ್ಲೂ ಇಂಥದೇ ಎಚ್ಚರ. ಮೊದಲ ಮಳೆ ಧೂಳು, ಹಕ್ಕಿ ಹಿಕ್ಕೆ ತೊಳೆದು ಹೊರಗೆ ಹೋಗಲಿ. ಆಮೇಲಿನದು ಸೋಸಿ ಸಂಪಿಗೆ. ಸಂಪಿನೊಳಗೆ ಬೆಳಕು ಬಿದ್ದರೆ ಪಾಚಿ, ಸಂದು ಬಿಟ್ಟರೆ ಸೊಳ್ಳೆ.

2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿಯಾಗಿ ಬೆಂಗಳೂರಿನ ದೊಡ್ಡ ನಿವೇಶನಗಳ ಮನೆಗಳಿಗೂ 30×40 ಅಡಿ ನಿವೇಶನದ ಹೊಸ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಅಳವಡಿಸದೆ ಬಿಲ್ಲಿನ ಜೊತೆ ದಂಡ ಕಟ್ಟುತ್ತಿರುವವರೇನೂ ಕಡಿಮೆಯಿಲ್ಲ. ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪ್ ಆಗಿ ಬರುವ ನೀರಿಗೆ ದಂಡವನ್ನೂ ಕೊಟ್ಟು, ತಲೆಯ ಮೇಲೆ ಬಿದ್ದದ್ದನ್ನು ಚರಂಡಿಗೆ ಬಿಡುವ ಈ ವ್ಯವಹಾರ ವಿಚಿತ್ರವೇ.

ಸಂಪಿಗೆ ಜಾಗವಿಲ್ಲದವರು ಇಂಗುಬಾವಿ ತೋಡಿಸಬಹುದು. ಮೂರಡಿ ಅಗಲ, ಇಪ್ಪತ್ತು ಮೂವತ್ತು ಅಡಿ ಆಳ, ಒಳಗೆ ಸಿಮೆಂಟ್ ರಿಂಗು. ಈ ಕೆಲಸದಲ್ಲಿ ಪಳಗಿದವರು ಮಣ್ಣುವಡ್ಡರು. ಕಬ್ಬನ್ ಪಾರ್ಕಿನಲ್ಲಿ ಹೂಳು ತುಂಬಿದ್ದ ಹಳೆಯ ಬಾವಿಗಳಿಗೆ ಜೀವ ಬರಿಸಿದ್ದೂ ಅವರ ಕೈಗಳೇ. ಇಂಗುಬಾವಿಗೆ ಬಿಡಬೇಕಾದದ್ದು ಸೋಸಿದ ಮಳೆನೀರು ಮಾತ್ರ. ಬಚ್ಚಲಿನ ಪೈಪು ಅತ್ತ ತಿರುಗಿದರೆ ಸುತ್ತಲಿನ ಬೋರ್‌ವೆಲ್‌ಗಳೂ ಕೆಡುತ್ತವೆ.