ದಾರಿಗೊಂದು ದೀಪ

ಬಾದಾಮಿಯ ಬನಶಂಕರಿಗೆ ಹೋದವರು ಹರಿದ್ರಾತೀರ್ಥದ ದಂಡೆಯ ಕಲ್ಲಿನ ದೀಪಗೋಪುರವನ್ನು ನೋಡದೆ ಬಾರರು. ಬನದ ಹುಣ್ಣಿಮೆಯ ಜಾತ್ರೆಗೆ ನೆರೆಯುವ ಜನರಿಗೆ ಬೆಳಕು ಬೇಕೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು. ಆದರೆ ಜನ ಒಂದೆಡೆ ನೆರೆಯುವುದು ಜಾತ್ರೆಗೆ ಮಾತ್ರವೆ? 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿದಾಗ, ಬಾದಾಮಿ, ಹುನಗುಂದ ಸೀಮೆಯ ಎಷ್ಟೋ ಸಂಸಾರಗಳು ಪರಿಹಾರ ಕೇಂದ್ರಗಳನ್ನು ಸೇರಬೇಕಾಯಿತು.

ಇಂಥ ಕಡೆ ಅನ್ನ, ಹೊದಿಕೆಗಳ ಚಿಂತೆಯನ್ನು ಎಲ್ಲರೂ ಮಾಡುತ್ತಾರೆ. ಶೌಚಾಲಯದ ಚಿಂತೆ ಕೊನೆಗೆ ಬರುತ್ತದೆ. ನಿರಾಶ್ರಿತರ ಶಿಬಿರಗಳಿಗಾಗಿ ‘ಸ್ಫಿಯರ್’ ಎಂಬ ಅಂತರರಾಷ್ಟ್ರೀಯ ಕೈಪಿಡಿ ಒಂದು ಅಳತೆಯನ್ನು ಹೇಳುತ್ತದೆ: 20 ಜನರಿಗೊಂದು ಶೌಚಾಲಯ, ಅದೂ ಬಿಡಾರದಿಂದ 50 ಮೀಟರಿನೊಳಗೆ. ಆದರೆ ಕತ್ತಲೆಯಲ್ಲಿ ಆ 50 ಮೀಟರೇ ಹರದಾರಿಯಾಗುತ್ತದೆ. ಹಾವುಚೇಳಿನ ಭಯಕ್ಕಿಂತ ಮನುಷ್ಯನ ಭಯ ದೊಡ್ಡದು. ಆದುದರಿಂದಲೇ ಹೆಣ್ಣುಮಕ್ಕಳು ಸಂಜೆಯಿಂದ ನೀರು ಕುಡಿಯುವುದನ್ನು ಬಿಟ್ಟು, ದೇಹಬಾಧೆಯನ್ನು ಬೆಳಗಿನವರೆಗೆ ತಡೆದುಕೊಳ್ಳುತ್ತಾರೆ. ದಾರಿಯಲ್ಲಿ ದೀಪವಿಲ್ಲದ ಶೌಚಾಲಯ ಕಟ್ಟಿಯೂ ಕಟ್ಟದಂತೆಯೇ ಸರಿ.

ಇದಕ್ಕೆ ಉಪಾಯ ದುಬಾರಿಯಲ್ಲ. ಒಂದು ಪುಟ್ಟ ಸೌರಫಲಕ, ಒಂದು ಬ್ಯಾಟರಿ, ಒಂದು ಎಲ್‌ಇಡಿ ದೀಪ. ಹಗಲಿನ ಬಿಸಿಲನ್ನುಂಡು ಇರುಳು ಬೆಳಗುವ ಈ ಕಂದೀಲಿಗೆ ಎಣ್ಣೆಯೂ ಬೇಡ, ತಂತಿಯೂ ಬೇಡ. ಮೋಡ ಕವಿದ ದಿನಗಳಲ್ಲಿ ಅದರ ಬೆಳಕು ಕುಗ್ಗುವುದುಂಟು. ಬ್ಯಾಟರಿ ತುಸು ದೊಡ್ಡದಿದ್ದರೆ ಆ ಕೊರತೆ ನೀಗೀತು. ಬಾಗಿಲಿಗೊಂದು ದೀಪ ತೂಗಿದರೆ ಸಾಲದು. ದಾರಿಗೊಂದು, ಒಳಗೊಂದು, ಹೋಗುವವಳ ಕೈಗೊಂದು ಬೇಕು. ಬಾಗಿಲಿಗೆ ಒಳಚಿಲಕವೂ ಬೇಕು. ಫಲಕದ ಧೂಳನ್ನು ಒರೆಸುವ, ಸವೆದ ಬ್ಯಾಟರಿಯನ್ನು ಬದಲಿಸುವ ಹೊಣೆಯನ್ನು ಯಾರಾದರೂ ಹೊರಬೇಕು. ದೀಪಗೋಪುರವಾದರೂ ಎಣ್ಣೆ ಹೊಯ್ಯುವ ಕೈಗಳಿಲ್ಲದೆ ಬೆಳಗುವುದೆ?

ಗುಡಿಯ ಮುಂದೆ ಹಚ್ಚಿದ ದೀಪ ಪುಣ್ಯವೆನ್ನುತ್ತೇವೆ. ನೆಲೆ ಕಳೆದುಕೊಂಡವಳ ದಾರಿಗೆ ಹಚ್ಚಿದ ದೀಪ ಅದಕ್ಕೆ ಕಡಿಮೆಯಾದುದೇನಲ್ಲ.