ಬಾಂಬಿನ ಜಾಗದಲ್ಲಿ ಕಪ್‌ಕೇಕ್

2010ರಲ್ಲಿ ಯೆಮೆನ್‌ನ ಅಲ್ ಕೈದಾ ಬಣ ‘ಇನ್‌ಸ್ಪೈರ್’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಅಂತರ್ಜಾಲಕ್ಕೆ ಬಿಟ್ಟಿತು. ಮನೆಯಲ್ಲೇ ಬಾಂಬ್ ಮಾಡುವ ವಿಧಾನವೂ ಅದರಲ್ಲಿತ್ತು. ಇಳಿಸಿಕೊಂಡವರಿಗೆ ಸಿಕ್ಕಿದ್ದು ಅರ್ಥವಿಲ್ಲದ ಅಕ್ಷರಗಳ ರಾಶಿ. ಬ್ರಿಟನ್ನಿನ ಗುಪ್ತಚರರು ಆ ಜಾಗಕ್ಕೆ ಕಪ್‌ಕೇಕ್ ಪಾಕವಿಧಾನದ ಕೋಡ್ ತುರುಕಿದ್ದರು! ಬ್ರಿಟಿಷ್ ಪತ್ರಿಕೆಗಳು ಇದನ್ನು ಬಯಲು ಮಾಡಿದ್ದು 2011ರ ಜೂನ್‌ನಲ್ಲಿ. ಅಮೆರಿಕದ ಸೈಬರ್ ಕಮಾಂಡ್ ಕೂಡ ದಾಳಿಗೆ ಸಜ್ಜಾಗಿತ್ತಂತೆ, ಸಿಐಎ ತಡೆಯಿತಂತೆ. ಇಷ್ಟೆಲ್ಲ ಮಾಡಿದರೂ ಎರಡೇ ವಾರದಲ್ಲಿ ಅಸಲಿ ಪ್ರತಿ ಹೊರಬಂತು.

ಓದಿ ನನಗೂ ನಗು ಬಂತು. ಬಾಂಬ್ ವಿಧಾನಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಬೇಕೆಂದು ನಾನೇನೂ ವಾದಿಸುವುದಿಲ್ಲ. ನನ್ನ ತಕರಾರು ವಿಧಾನದ ಬಗ್ಗೆ.

ನಮ್ಮಲ್ಲೂ 2014ರ ಡಿಸೆಂಬರ್‌ನಲ್ಲಿ ಐಎಸ್ ಪ್ರಚಾರ ತಡೆಯಲೆಂದು 32 ತಾಣಗಳಿಗೆ ಬೀಗ ಬಿತ್ತು. ನಾವು ಪ್ರೋಗ್ರಾಮರ್‌ಗಳು ದಿನಬೆಳಗಾದರೆ ತೆರೆಯುವ ಗಿಟ್‌ಹಬ್ ಹೆಸರೂ ಆ ಪಟ್ಟಿಯಲ್ಲಿತ್ತು. ಇಲಿ ಹಿಡಿಯಲು ಮನೆಗೇ ಬೆಂಕಿ ಹಚ್ಚಿದಂತೆ. ಆದರೆ ಬೀಗ ಕಣ್ಣಿಗೆ ಕಾಣುತ್ತದೆ. ಗಲಾಟೆಯಾಯಿತು, ವಿಮಿಯೊದಂಥ ಕೆಲವು ತಾಣಗಳು ಬೇಗನೆ ತೆರೆದುಕೊಂಡವು. 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 69ಎ ಕಲಮನ್ನು ಉಳಿಸಿಕೊಂಡಾಗಲೂ ಒಂದು ಮಾತು ಒತ್ತಿ ಹೇಳಿತು: ನಿರ್ಬಂಧಕ್ಕೆ ಲಿಖಿತ ಕಾರಣವಿರಬೇಕು, ರಿಟ್ ಅರ್ಜಿಯಲ್ಲಿ ಅದನ್ನು ಪ್ರಶ್ನಿಸಲು ಸಾಧ್ಯವಾಗಬೇಕು.

ಗುಟ್ಟಾಗಿ ಫೈಲನ್ನೇ ತಿದ್ದಿದರೆ ಪ್ರಶ್ನಿಸಲು ಕೈಯಲ್ಲಿ ಕಾಗದವೇ ಇರುವುದಿಲ್ಲ. ಪುಟಗಳು ಕಲಸುಮೇಲೋಗರವಾಗಿದ್ದರಿಂದ ಇನ್‌ಸ್ಪೈರ್ ಓದುಗರಿಗೆ ಏನೋ ಎಡವಟ್ಟೆಂದು ತಿಳಿಯಿತು. ಒಂದೇ ಒಂದು ಸಾಲನ್ನು ಅಚ್ಚುಕಟ್ಟಾಗಿ ಬದಲಿಸಿದ್ದರೆ? ನಾಳೆ ಅದೇ ಕೈಚಳಕ ಪತ್ರಕರ್ತನೊಬ್ಬನ ವರದಿಯ ಮೇಲೆ ನಡೆದರೆ, ಬರೆದವನು ‘ಇದು ನನ್ನ ಮಾತಲ್ಲ’ ಎಂದು ಯಾರ ಮುಂದೆ ಸಾಬೀತು ಮಾಡಬೇಕು?